ಹಿತ್ತಿಲ ಸೇಬಿಗೆ ರೋಗ ತಡೆಯುವ ತಳಿ

ಮೊನ್ನೆಯ ಮಾಗಿಯಲ್ಲಿ ನಮ್ಮ ಪಕ್ಕದ ಹಟ್ಟಿಯ ಹಿರಿಯರೊಬ್ಬರು ಸಂತೆಯಿಂದ ಮೂರು ಸೇಬಿನ ಸಸಿಗಳನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಮುಖದಲ್ಲಿ ಸಂತೋಷ ತುಂಬಿತ್ತು.

"ನೋಡಪ್ಪ, ಇದು ರೋಗವೇ ಬಾರದ ಜಾತಿಯಂತೆ. ಚೀಟಿಯಲ್ಲೂ ಹಾಗೆಯೇ ಬರೆದಿದೆ," ಎಂದರು.

"ಯಾವ ರೋಗ ಬಾರದು, ದೊಡ್ಡಪ್ಪ?" ಎಂದು ಕೇಳಿದೆವು.

"ಅದನ್ನು ಕೇಳಲಿಲ್ಲವಲ್ಲ!"

"ಎಷ್ಟು ಚಳಿ ಬೇಕಂತೆ? ಯಾವ ಬೇರಿನ ಮೇಲೆ ಕಸಿ ಕಟ್ಟಿದ್ದಾರಂತೆ?"

ಅವರು ಸುಮ್ಮನಾದರು. ಅವರನ್ನು ನೋಯಿಸಲು ನಾವು ಹೀಗೆ ಕೇಳಿದ್ದಲ್ಲ. ಹಲವು ವರ್ಷಗಳ ಹಿಂದೆ ನಾವೂ ಇದೇ ರೀತಿ ಚೀಟಿ ನೋಡಿ ಐದು ಸಸಿ ಕೊಂಡವರೇ. ಮಾರಿದವನು "ತಕ್ಕೊಳ್ಳಿ ಸ್ವಾಮಿ, ಔಷಧ ಹೊಡೆಯುವ ಕೆಲಸವೇ ಇಲ್ಲ" ಎಂದಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಎಲೆಗೆ ಕಜ್ಜಿ ಬರಲಿಲ್ಲ, ನಾವು ಔಷಧ ಹೊಡೆಯಲೂ ಇಲ್ಲ. ಆದರೆ ಆರು ವರ್ಷ ನೀರೆರೆದರೂ ಒಂದು ಹೂವನ್ನು ಕಾಣಲಿಲ್ಲ. ಎರಡು ಗಿಡಗಳ ಬುಡ ಕೊಳೆತು ಹೋಯಿತು. ಉಳಿದ ಮೂರನ್ನು ಕಡಿದು ಒಲೆಗೆ ಹಾಕಿದೆವು. ಹಣ ಹೋದುದು ದೊಡ್ಡದಲ್ಲ; ಹೋದ ಆರು ವರ್ಷ ಮರಳಿ ಬರುವಂತಿಲ್ಲ. ಗೆಡ್ಡೆ, ಕೋಸುಗಳಲ್ಲಿ ಕೆಟ್ಟರೆ ಮುಂದಿನ ಹಂಗಾಮಿಗೆ ತಿದ್ದಿಕೊಳ್ಳಬಹುದು. ಮರದಲ್ಲಿ ಕೆಟ್ಟರೆ ತಿದ್ದಿಕೊಳ್ಳುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಾರೆ.

ಆದುದರಿಂದ ಉದಕಮಂಡಲ, ಕೂನೂರು, ಕೋತಗಿರಿಯ ಎತ್ತರದ ಹಟ್ಟಿಗಳಲ್ಲಿ ಹಿತ್ತಿಲಿಗೆ ನಾಲ್ಕಾರು ಸೇಬಿನ ಗಿಡ ಹಾಕಬೇಕೆಂಬ ಬಂಧುಗಳಿಗಾಗಿ ಈ ವಾರ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇವೆ. ತಾಳವಾಡಿ, ಹೊಸೂರು ಕಡೆಯ ಬಯಲಿನವರಿಗೂ ಇದರಲ್ಲಿ ಒಂದೆರಡು ಮಾತುಂಟು.

ಹಿತ್ತಿಲಿಗೆ ಇಂಥ ತಳಿ ಏಕೆ?

ವ್ಯಾಪಾರಕ್ಕಾಗಿ ಸೇಬು ಬೆಳೆಯುವ ಮಳೆನಾಡುಗಳಲ್ಲಿ ಮೊಗ್ಗು ಒಡೆಯುವ ದಿನದಿಂದ ಕೊಯ್ಲಿನವರೆಗೆ ಮತ್ತೆಮತ್ತೆ ಶಿಲೀಂಧ್ರನಾಶಕ ಸಿಂಪಡಿಸುವ ಪದ್ಧತಿಯಿದೆ. ಅವರಿಗೆ ಪಂಪು, ಆಳು, ಮುಖಕ್ಕೆ ಹೊದಿಕೆ ಎಲ್ಲವೂ ಉಂಟು. ಮಚ್ಚೆ ಬಿದ್ದ ಹಣ್ಣಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವಾದ್ದರಿಂದ ಅವರು ಹಾಗೆ ಮಾಡಲೇಬೇಕು.

ಹಿತ್ತಿಲಿನ ಮಾತು ಬೇರೆ. ಗಿಡದ ಪಕ್ಕದಲ್ಲೇ ಬಾವಿ, ಅದರಾಚೆ ದನದ ಕೊಟ್ಟಿಗೆ, ನಡುವೆ ಸೊಪ್ಪಿನ ಪಾತಿ. ಮಕ್ಕಳು ಶಾಲೆಯಿಂದ ಬಂದವರು ಕೈ ತೊಳೆಯದೆ ಕಾಯಿ ಕಿತ್ತು ಕಚ್ಚುತ್ತಾರೆ. ಅಂಥಲ್ಲಿ ವಿಷದ ಡಬ್ಬಿಯನ್ನು ತೆರೆಯುವ ಪ್ರಸಂಗ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ರೋಗ ತಡೆಯುವ ಗುಣವನ್ನು ಗಿಡವೇ ಹೊತ್ತು ತಂದರೆ ನಮ್ಮ ಕೆಲಸ ಅರ್ಧ ಮುಗಿದಂತೆ. ಇನ್ನರ್ಧ ನಮ್ಮ ಕೈಯಲ್ಲಿದೆ.

ಕಜ್ಜಿ ಬರುವ ಬಗೆ

ಸೇಬಿಗೆ ಬರುವ ರೋಗಗಳಲ್ಲಿ ಕಜ್ಜಿ ರೋಗವೇ ಮೊದಲನೆಯದು. 'ಸ್ಕ್ಯಾಬ್' ಎಂದು ಕರೆಯುವುದು ಇದನ್ನೇ. ರೋಗ ತಡೆಯುವ ಸೇಬು ಎಂದು ಚೀಟಿಯಲ್ಲಿದ್ದರೆ ಬಹುಮಟ್ಟಿಗೆ ಈ ಒಂದು ರೋಗದ ಮಾತೇ ಆಗಿರುತ್ತದೆ. ಇದನ್ನು ತರುವುದು ವೆಂಚೂರಿಯಾ ಇನೀಕ್ವಾಲಿಸ್ ಎಂಬ ಶಿಲೀಂಧ್ರ. ಮೊದಲು ಎಲೆಯ ಮೇಲೆ ಎಣ್ಣೆ ಬಣ್ಣದ, ಮುಟ್ಟಿದರೆ ಮಕಮಲ್ಲಿನಂತಿರುವ ಮಚ್ಚೆಗಳು ಕಾಣುತ್ತವೆ. ಬರಬರುತ್ತ ಅವು ಕಪ್ಪಾಗುತ್ತವೆ. ಕಾಯಿಯ ಮೇಲೆ ಬಿದ್ದರೆ ಸಿಪ್ಪೆ ಬೆಂಡಿನಂತೆ ಒರಟಾಗಿ ಬಿರಿಯುತ್ತದೆ, ಕಾಯಿ ಸೊಟ್ಟಾಗುತ್ತದೆ. ಎಲೆ ಬೇಗ ಉದುರಿದ ಗಿಡ ಮುಂದಿನ ವರ್ಷಕ್ಕೂ ಸೊರಗುತ್ತದೆ.

ಈ ಶಿಲೀಂಧ್ರ ಚಳಿಗಾಲವನ್ನು ಕಳೆಯುವುದು ನೆಲಕ್ಕೆ ಬಿದ್ದ ಎಲೆಯಲ್ಲಿ. ಹೊಸ ಚಿಗುರು ಬರುವ ಕಾಲಕ್ಕೆ ಮಳೆ ಬಿದ್ದರೆ ಆ ಹಳೆಯ ಎಲೆಯಿಂದ ಬೀಜಕಣಗಳು ಸಿಡಿದು ಗಾಳಿಯಲ್ಲಿ ತೇಲಿ ಎಳೆಯ ಎಲೆಯನ್ನು ಸೇರುತ್ತವೆ. ಸೇರಿದ ಮಾತ್ರಕ್ಕೆ ರೋಗ ಹತ್ತದು. ಎಲೆ ಒದ್ದೆಯಾಗಿಯೇ ಇರಬೇಕು. ಹವೆ ಹದವಾಗಿ ಬೆಚ್ಚಗಿದ್ದರೆ ಸುಮಾರು 9 ಗಂಟೆಗಳ ಒದ್ದೆ ಸಾಕು. ಚಳಿ ಹೆಚ್ಚಿದ್ದರೆ ಇನ್ನೂ ಬಹಳ ಹೊತ್ತು ಬೇಕಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮಿಲ್ಸ್ ಎಂಬವರು 1940ರ ದಶಕದಲ್ಲಿ ಇದರ ಪಟ್ಟಿಯನ್ನೇ ಸಿದ್ಧಪಡಿಸಿದರು. ಔಷಧ ಯಾವಾಗ ಬೇಕು, ಯಾವಾಗ ಬೇಡ ಎಂದು ನಿರ್ಧರಿಸಲು ಅದು ಇಂದಿಗೂ ಆಧಾರ.

ಈ ವಿವರ ನಮಗೇಕೆ ಬೇಕು? ಎರಡು ಪಾಠ ಇದರಲ್ಲಿವೆ. ಒಂದು, ಬಿದ್ದ ಎಲೆಯನ್ನು ಬಿಟ್ಟರೆ ರೋಗದ ಕಣಜವನ್ನೇ ಹಿತ್ತಿಲಲ್ಲಿ ಇಟ್ಟುಕೊಂಡಂತೆ. ಇನ್ನೊಂದು, ಎಲೆ ಬೇಗ ಒಣಗುವಂತೆ ಗಾಳಿ ಬೆಳಕು ಆಡುವ ಜಾಗದಲ್ಲಿ ಗಿಡವಿದ್ದರೆ ಅರ್ಧ ರೋಗ ತಾನಾಗಿ ನಿಲ್ಲುತ್ತದೆ.

ಈ ರೋಗವನ್ನು ಹಗುರವಾಗಿ ಕಾಣುವಂತಿಲ್ಲ. ಕಾಶ್ಮೀರದಲ್ಲಿ 1973ರಲ್ಲಿ ಇದು ಸಾಂಕ್ರಾಮಿಕವಾಗಿ ಹಬ್ಬಿತು. ಹಿಮಾಚಲ ಪ್ರದೇಶದಲ್ಲಿ 1977ರಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ, 1983ರ ಹೊತ್ತಿಗೆ, ತೋಟ ತೋಟಗಳನ್ನೇ ಕೆಡಿಸಿತು. ಅಲ್ಲಿ ಹೆಚ್ಚಾಗಿ ಇದ್ದುದು ಕಜ್ಜಿಗೆ ಬಾಗುವ ಡೆಲಿಷಸ್ ಗುಂಪಿನ ಸೇಬು. ಊರೆಲ್ಲ ಒಂದೇ ಜಾತಿಯನ್ನು ನೆಟ್ಟರೆ ಒಬ್ಬನ ಮನೆಗೆ ಬಂದ ರೋಗ ಎಲ್ಲರ ಮನೆಗೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ತಡೆಯುವ ಗುಣ ಎಲ್ಲಿಂದ ಬಂತು?

ಇದೊಂದು ಸ್ವಾರಸ್ಯದ ಕಥೆ. ಜಪಾನಿನ ಕಡೆಯಿಂದ ಹೋದ, ಅಂದದ ಹೂವಿಗಾಗಿ ಬೆಳೆಸುವ ಒಂದು ಕಾಡುಸೇಬು ಇದೆ. ಅದರ ಕಾಯಿ ಬೋರೆಹಣ್ಣಿಗಿಂತ ದೊಡ್ಡದಲ್ಲ, ತಿನ್ನಲು ಯೋಗ್ಯವೂ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಾಂಡಲ್ ಎಂಬ ವಿದ್ವಾಂಸರು 1914ರಲ್ಲಿ ಈ ಕಾಡುಸೇಬನ್ನು ರೋಮ್ ಬ್ಯೂಟಿ ಎಂಬ ತಿನ್ನುವ ಸೇಬಿನೊಡನೆ ಕೂಡಿಸಿದರು. ಆ ಸಂತತಿಯ ಎರಡು ಗಿಡಗಳನ್ನು 1926ರಲ್ಲಿ ಮತ್ತೆ ತಮ್ಮತಮ್ಮಲ್ಲೇ ಕೂಡಿಸಿದರು. ರೋಗದ ಯೋಚನೆಯಿಂದ ಇದನ್ನೆಲ್ಲ ಮಾಡಿದ್ದಲ್ಲ. ಅವರ ಕಾಲ ಮುಗಿದ ಮೇಲೂ ಗಿಡಗಳು ಉಳಿದಿದ್ದವು. 1940ರ ದಶಕದ ಮೊದಲಲ್ಲಿ ಕಜ್ಜಿ ಜೋರಾಗಿ ಬಂದ ಒಂದು ವರ್ಷ, ಸುತ್ತಲಿನ ಗಿಡಗಳೆಲ್ಲ ಕಪ್ಪಾಗಿದ್ದಾಗ ಈ ಸಾಲಿನ ಕೆಲವು ಗಿಡಗಳು ಮಾತ್ರ ಹಸಿರಾಗಿ ನಿಂತಿದ್ದುದನ್ನು ಹಫ್ ಎಂಬ ಇನ್ನೊಬ್ಬ ವಿಜ್ಞಾನಿ ಕಂಡರು. ಅಲ್ಲಿಂದ ಕೆಲಸ ಮೊದಲಾಯಿತು.

1945ರಲ್ಲಿ ಪರ್ಡ್ಯೂ, ರಟ್ಗರ್ಸ್, ಇಲಿನಾಯ್ ಎಂಬ ಮೂರು ವಿದ್ಯಾಲಯಗಳು ಕೈಗೂಡಿಸಿದವು. ಕಾಡುಸೇಬಿನ ತಡೆಯುವ ಗುಣವನ್ನು ಉಳಿಸಿಕೊಂಡು, ಕಾಯಿಯ ಗಾತ್ರವನ್ನೂ ರುಚಿಯನ್ನೂ ಹೆಚ್ಚಿಸುತ್ತ ತಲೆಮಾರಿನ ಮೇಲೆ ತಲೆಮಾರು ಕೂಡಿಸುತ್ತ ಬಂದರು. 'ಪ್ರೈಮಾ' ಎಂಬ ಮೊದಲ ತಳಿ ರೈತರ ಕೈಗೆ ಬಂದದ್ದು 1970ರಲ್ಲಿ. ಕ್ರಾಂಡಲ್ಲರ ಮೊದಲ ಕೂಡಿಕೆಯಿಂದ ಲೆಕ್ಕ ಹಾಕಿದರೆ 56 ವರ್ಷ! ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಸಂಶೋಧನ ಕೇಂದ್ರ 1955ರಲ್ಲಿ ಕೂಡಿಸಿ 1978ರಲ್ಲಿ ಹೊರತಂದ 'ಲಿಬರ್ಟಿ' ಈ ಕುಲದಲ್ಲೇ ಹೆಸರುವಾಸಿಯಾದುದು. ಕಡುಗೆಂಪು ಬಣ್ಣ, ಒಳ್ಳೆಯ ರುಚಿ. ಕಜ್ಜಿಯನ್ನಷ್ಟೇ ಅಲ್ಲದೆ ಆ ಸೀಮೆಯ ಇನ್ನೂ ಒಂದೆರಡು ರೋಗಗಳನ್ನು ಅದು ತಡೆಯುತ್ತದೆ. ಅಲ್ಲಿಯ ಮನೆಹಿತ್ತಿಲುಗಳಲ್ಲಿ ಔಷಧವಿಲ್ಲದೆ ಸೇಬು ತಿನ್ನಬೇಕೆನ್ನುವವರು ಮೊದಲು ನೆಡುವುದು ಇದನ್ನೇ. ಫ್ರಾನ್ಸಿನ 'ಫ್ಲೋರಿನಾ' ಸಹ ಇದೇ ವಂಶದ್ದು. ಅದು ನಮ್ಮ ಹಿಮಾಲಯದ ತೋಟಗಳಿಗೂ ಬಂದಿದೆ. ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ 'ಫಿರ್ದೌಸ್', 'ಶಿರೀನ್' ಎಂಬ ಕಜ್ಜಿ ತಡೆಯುವ ತಳಿಗಳನ್ನು ತಾನೇ ಬೆಳೆಸಿದೆ.

ಈ ಕಥೆಯ ಮೂಲದಲ್ಲಿರುವ ರೋಮ್ ಬ್ಯೂಟಿ ನಮಗೆ ತೀರ ಹೊರಗಿನದಲ್ಲ. ಒಂದು ಕಾಲದಲ್ಲಿ ಬೆಂಗಳೂರಿನ ಸುತ್ತಮುತ್ತ ಬೆಳೆಯುತ್ತಿದ್ದ ಸೇಬು ಅದೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುವುದು ಲೇಸು. ಕಾಡುಸೇಬಿನಿಂದ ಬಂದ ಆ ತಡೆ ಒಂದೇ ಬೀಗದಂತೆ. ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ, ಬೀಗಕ್ಕೆ ಕೀಲಿ ಹುಡುಕುತ್ತಲೇ ಇರುತ್ತದೆ. 1990ರ ದಶಕದ ಆರಂಭದಲ್ಲಿ ಯೂರೋಪಿನಿಂದ ಬಂದ ವರದಿಗಳು, ಈ ಬೀಗವನ್ನು ತೆಗೆಯಬಲ್ಲ ಹೊಸ ಬಗೆಯ ಕಜ್ಜಿ ಹುಟ್ಟಿಕೊಂಡಿದೆ ಎಂದು ತಿಳಿಸಿದವು. ಆದುದರಿಂದ ತಡೆಯುವ ತಳಿ ಹಾಕಿದ್ದೇವೆಂದು ಹಿತ್ತಿಲನ್ನು ಕಸದ ಗುಂಡಿ ಮಾಡುವಂತಿಲ್ಲ. ಬೀಗವಿದ್ದ ಮನೆಗೂ ಕಾವಲು ಬೇಕು.

ನಮ್ಮ ನೆಲಕ್ಕೆ ಯಾವುದು?

ಹಾಗಾದರೆ ಲಿಬರ್ಟಿಯನ್ನೇ ತರಿಸಿ ನೆಡೋಣವೇ? ಬೇಡ. ನಮ್ಮ ಆರು ವರ್ಷ ಹಾಳಾದುದು ಇಲ್ಲಿಯೇ.

ಸೇಬಿನ ಗಿಡ ಚಳಿಗಾಲದಲ್ಲಿ ನಿದ್ದೆ ಮಾಡುತ್ತದೆ. ಆ ನಿದ್ದೆ ಪೂರ್ತಿಯಾದರೆ ಮಾತ್ರ ಮೊಗ್ಗು ಒಡೆದು ಹೂ ಬರುತ್ತದೆ. ನಿದ್ದೆಯನ್ನು ಅಳೆಯುವುದು ಚಳಿಯ ಗಂಟೆಗಳಿಂದ: ಹವೆ ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿದ್ದ ಗಂಟೆಗಳನ್ನೆಲ್ಲ ಕೂಡಿಸಿದ ಲೆಕ್ಕ. ಹಿಮಾಚಲದ ಡೆಲಿಷಸ್ ಸೇಬಿಗೆ ಸಾವಿರ ಗಂಟೆಗೂ ಮೇಲೆ ಬೇಕು. ಲಿಬರ್ಟಿಗೆ ಸುಮಾರು 800 ಗಂಟೆ. ನಮ್ಮ ಬೆಟ್ಟದಲ್ಲಿ ಮಾಗಿಯ ರಾತ್ರಿ ಕಣಿವೆಯಲ್ಲಿ ಹಿಮ ಬಿದ್ದು ಹುಲ್ಲು ಬೆಳ್ಳಗಾಗುವುದು ನಿಜ. ಆದರೆ ಹೊತ್ತೇರಿದರೆ ಕಂಬಳಿ ಬೇಡವೆನ್ನುವ ಬಿಸಿಲು. ರಾತ್ರಿ ಕೂಡಿಸಿದ್ದನ್ನು ಹಗಲು ಕಳೆದಂತೆ ಆಗುತ್ತದೆ. ನಿದ್ದೆ ಸಾಲದ ಗಿಡ ಕೊಂಬೆಯ ತುದಿಯಲ್ಲಿ ಮಾತ್ರ ನಾಲ್ಕು ಎಲೆ ಬಿಟ್ಟು ಉಳಿದ ಮೈಯನ್ನು ಬೋಳಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಐದು ಗಿಡಗಳು ಹೀಗೆಯೇ ನಿಂತಿದ್ದವು. ರೋಗವಿರಲಿಲ್ಲ; ಫಲವೂ ಇರಲಿಲ್ಲ.

ಆದುದರಿಂದ ನಮಗೆ ಬೇಕಾದುದು ಕಡಿಮೆ ಚಳಿ ಸಾಕಾಗುವ ತಳಿ. ಅಂಥವುಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇವೆ.

'ಅನ್ನಾ': ಇಸ್ರೇಲ್ ದೇಶದಲ್ಲಿ ಬೆಳೆಸಿದ್ದು. 200ರಿಂದ 300 ಗಂಟೆ ಚಳಿ ಸಾಕು. ಉದ್ದನೆಯ ಕಾಯಿ, ಹಸಿರು ಹಳದಿಯ ಮೇಲೆ ಕೆಂಪು. ಬೇಗ ಫಲಕ್ಕೆ ಬರುತ್ತದೆ. ಆದರೆ ಇದು ಕಜ್ಜಿ ತಡೆಯುವ ತಳಿಯಲ್ಲ.

'ಡಾರ್ಸೆಟ್ ಗೋಲ್ಡನ್': ಚಳಿಯೇ ಇಲ್ಲವೆನ್ನಬಹುದಾದ ಬಹಾಮಾ ದ್ವೀಪದಲ್ಲಿ ದೊರೆತದ್ದು. ಹಳದಿ ಹಣ್ಣು. ಅನ್ನಾ ಹೂ ಬಿಡುವ ಕಾಲಕ್ಕೇ ಇದೂ ಹೂ ಬಿಡುವುದರಿಂದ ಅದಕ್ಕೆ ಒಳ್ಳೆಯ ಜೊತೆಗಾರ.

'ಎಚ್‌ಆರ್‌ಎಂಎನ್-99': ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ರೈತರಾದ ಹರಿಮನ್ ಶರ್ಮಾ ಅವರು ಬೆಳೆಸಿದ್ದು. ಅವರ ಊರು ಸೇಬಿನ ಎತ್ತರದ ಸೀಮೆಯಲ್ಲ. ಮಾವು ಬೆಳೆಯುವ ತಗ್ಗಿನ ಬೆಟ್ಟ. ಮನೆಯ ಹಿಂದೆ ಎಸೆದ ಸೇಬಿನ ಬೀಜದಿಂದ ಹುಟ್ಟಿದ ಸಸಿಯೊಂದನ್ನು ಅವರು ಕಿತ್ತೆಸೆಯದೆ ಕಾಪಾಡಿ, ಅದು ಬಿಸಿಲಲ್ಲೂ ಫಲ ಕೊಡುವುದನ್ನು ಕಂಡು, ಅದರಿಂದ ಕಸಿ ಕಟ್ಟಿ ಹಬ್ಬಿಸಿದರು. ನ್ಯಾಷನಲ್ ಇನ್ನೋವೇಷನ್ ಫೌಂಡೇಶನ್ ಎಂಬ ಸಂಸ್ಥೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಇದನ್ನು ನೆಡಿಸಿ ನೋಡಿತು. ಕಜ್ಜಿಯನ್ನು ಸಹಿಸುವ ಗುಣ ಇದಕ್ಕಿದೆ ಎಂದು ಆ ಸಂಸ್ಥೆ ಹೇಳುತ್ತದೆ. ಹಳದಿಯ ಮೇಲೆ ಕೆಂಪು ಗೆರೆಯ ಹಣ್ಣು; ಮೆತ್ತನೆಯದು, ರಸಭರಿತ. ಮುಂಗಾರಿನ ಹೊತ್ತಿಗೆ ಮಾಗುತ್ತದೆ. ಬಹುಕಾಲ ಇಡಲು ಬಾರದು. ಆದರೆ ಹಿತ್ತಿಲಿನಲ್ಲಿ ಇಟ್ಟು ಕೂರುವವರಾರು? ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ನಮ್ಮ ಸಲಹೆ ಇಷ್ಟು: ನಾಲ್ಕು ಗಿಡ ಹಾಕುವವರು ಎರಡು ಎಚ್‌ಆರ್‌ಎಂಎನ್-99, ಒಂದು ಅನ್ನಾ, ಒಂದು ಡಾರ್ಸೆಟ್ ಗೋಲ್ಡನ್ ಹಾಕಲಿ. ಸೇಬು ತನ್ನ ಪರಾಗದಿಂದಲೇ ಚೆನ್ನಾಗಿ ಕಾಯಿ ಕಚ್ಚುವ ಜಾತಿಯಲ್ಲ. ಬೇರೆ ತಳಿಯ ಪರಾಗ ಬೇಕು, ಅದನ್ನು ತರಲು ಜೇನು ಬೇಕು. ಮೂರು ತಳಿ ಸೇರಿದ್ದರೆ ಪರಾಗಕ್ಕೂ ಅನುಕೂಲ, ಒಂದಕ್ಕೆ ರೋಗ ಬಂದರೂ ಉಳಿದವು ನಿಲ್ಲುತ್ತವೆ. ತಾಳವಾಡಿ, ಹೊಸೂರು ಬಯಲಿನವರು ಮೊದಲು ಎರಡೇ ಗಿಡ ಹಾಕಿ ನೋಡಲಿ. ಸೇಬು ನಂಬಿ ಹೊಲ ಬದಲಿಸುವುದು ಬೇಡ.

ಬೇರಿನ ಮಾತು

ಕಸಿಗಿಡವೆಂದರೆ ಎರಡು ಗಿಡ ಸೇರಿ ಒಂದಾದುದು. ಮೇಲಿನದು ಹಣ್ಣು ಕೊಡುತ್ತದೆ, ಕೆಳಗಿನದು ಅದನ್ನು ಹೊರುತ್ತದೆ. ಮೇಲಿನದರ ಹೆಸರನ್ನು ಎಲ್ಲರೂ ಕೇಳುತ್ತಾರೆ; ಕೆಳಗಿನದರ ಹೆಸರನ್ನು ಕೇಳುವವರು ಕಡಿಮೆ.

ಬೆಟ್ಟದ ಸೇಬಿಗೆ ದೊಡ್ಡ ಪೀಡೆ ಉಣ್ಣೆ ಹೇನು. ಕೊಂಬೆಯ ಗಾಯಗಳಲ್ಲೂ ಬೇರಿನಲ್ಲೂ ಬಿಳಿ ಹತ್ತಿಯಂತೆ ಕೂತು ರಸ ಹೀರುತ್ತದೆ. ಅದು ಕೂತಲ್ಲಿ ಗಂಟುಗಳೇಳುತ್ತವೆ. ಕೊಂಬೆಯ ಮೇಲಿದ್ದರೆ ಉಜ್ಜಿ ತೆಗೆಯಬಹುದು, ಬೇರಿಗಿಳಿದರೆ ಕೈಗೆ ಸಿಕ್ಕದು. ಇಂಗ್ಲೆಂಡಿನ ವಿಜ್ಞಾನಿಗಳು ಈ ಹೇನಿಗೆ ಮಣಿಯದ ನಾರ್ದರ್ನ್ ಸ್ಪೈ ಎಂಬ ಹಳೆಯ ಸೇಬನ್ನು ಬಳಸಿ ಕೆಲವು ಬೇರುಗಿಡಗಳನ್ನು ಬೆಳೆಸಿ 1952ರಲ್ಲಿ ಹೊರಬಿಟ್ಟರು. ಎಂಎಂ-106, ಎಂಎಂ-111 ಎಂಬವು ಅವೇ. ಎರಡೂ ಉಣ್ಣೆ ಹೇನನ್ನು ತಡೆಯುತ್ತವೆ. ಆದರೆ ನೀರು ನಿಲ್ಲುವ ನೆಲದಲ್ಲಿ ಎಂಎಂ-106ಕ್ಕೆ ಬುಡಕೊಳೆ ರೋಗ ಬೇಗ ತಗಲುತ್ತದೆ. ಎಂಎಂ-111 ಸ್ವಲ್ಪ ದೊಡ್ಡ ಮರವಾಗುತ್ತದೆ, ಬೇಸಿಗೆಯ ಬರವನ್ನೂ ತಾಳುತ್ತದೆ. ಎರಡು ಮಳೆಗಾಲ ಕಾಣುವ ನಮ್ಮ ಬೆಟ್ಟಕ್ಕೆ ಎಂಎಂ-111ರ ಮೇಲಿನ ಕಸಿಯೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ನೆಡುವ ಕ್ರಮ

ಜಾಗ: ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರು. ಕಣಿವೆಯ ತಳ ಬೇಡ; ಹಿಮ ಅಲ್ಲಿಯೇ ಕೂರುತ್ತದೆ, ಹೂ ಸುಡುತ್ತದೆ. ದೊಡ್ಡ ಮರದ ನೆರಳೂ ಬೇಡ.

ಗುಣಿ: ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಗುಣಿಯಿಂದ ಗುಣಿಗೆ 15 ಅಡಿ. ನೆಡುವುದಕ್ಕೆ ಒಂದು ತಿಂಗಳು ಮುಂಚೆ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಬೊಗಸೆ ಬೇವಿನ ಹಿಂಡಿ ಸೇರಿಸಿ ತುಂಬಿ. ನಮ್ಮ ಬೆಟ್ಟದ ಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟೇ ಸುಣ್ಣ ಹಾಕಿ, ಕೈಯಂದಾಜು ಬೇಡ.

ಕಾಲ: ಎಲೆಯುದುರಿದ ಬರಿಬೇರಿನ ಸಸಿಯಾದರೆ ಡಿಸೆಂಬರ್, ಜನವರಿ. ಚೀಲದಲ್ಲಿ ಬೆಳೆದ ಸಸಿಯಾದರೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ.

ಆಳ: ಇಲ್ಲಿ ಎಲ್ಲರೂ ತಪ್ಪುವುದುಂಟು. ಕಸಿಯ ಗಂಟು ನೆಲದಿಂದ ಅರ್ಧ ಅಡಿಗಿಂತ ಮೇಲಿರಲೇಬೇಕು. ಗಂಟು ಮಣ್ಣಿನೊಳಗೆ ಹೋದರೆ ಮೇಲಿನ ಗಿಡವೇ ಬೇರು ಬಿಟ್ಟು ಬೇರುಗಿಡದ ಗುಣವೆಲ್ಲ ವ್ಯರ್ಥವಾಗುತ್ತದೆ, ಬುಡಕೊಳೆಗೂ ದಾರಿಯಾಗುತ್ತದೆ. ನಮ್ಮ ಎರಡು ಗಿಡ ಸತ್ತುದು ಹೀಗೆಯೇ. ಗಾಳಿಗೆ ಅಲುಗದಿರಲೆಂದು ನಾವು ಬುಡಕ್ಕೆ ಮಣ್ಣು ಏರಿಸಿದ್ದೆವು!

ನೆಟ್ಟ ಮೇಲೆ ಊರುಗೋಲು ಕಟ್ಟಿ, ನೀರು ಕೊಟ್ಟು, ಬುಡದ ಸುತ್ತ ಒಣಹುಲ್ಲು ಹೊದಿಸಿ. ಹುಲ್ಲು ಕಾಂಡಕ್ಕೆ ತಗಲದಂತೆ ಒಂದು ಗೇಣು ಬಿಡಿ.

ಗಿಡವನ್ನು ತಿದ್ದುವುದು

ಒಂಟಿ ಕಡ್ಡಿಯಂತಿರುವ ಸಸಿಯನ್ನು ನೆಲದಿಂದ ಎರಡೂವರೆ ಅಡಿಗೆ ಕತ್ತರಿಸಿ. ಕೆಳಗಿನಿಂದ ಬರುವ ಚಿಗುರುಗಳಲ್ಲಿ ಬೇರೆಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಉಳಿಸಿ. ನೆಟ್ಟಗೆ ಮೇಲೇರುವ ಕೊಂಬೆ ಎಲೆ ಕೊಡುತ್ತದೆ, ವಾಲಿದ ಕೊಂಬೆ ಹಣ್ಣು ಕೊಡುತ್ತದೆ. ಆದುದರಿಂದ ಎಳೆಯ ಕೊಂಬೆಗೆ ಹಗ್ಗ ಕಟ್ಟಿ ಗೂಟಕ್ಕೆ ಎಳೆದು ಓರೆಯಾಗಿ ನಿಲ್ಲಿಸಿ. ಒಂದು ಮಳೆಗಾಲ ಕಳೆದರೆ ಅದು ಹಾಗೆಯೇ ನಿಲ್ಲುತ್ತದೆ.

ಪ್ರತಿ ಮಾಗಿಯಲ್ಲಿ ಒಣಗಿದ, ಒಂದಕ್ಕೊಂದು ಉಜ್ಜುವ, ಒಳಮುಖವಾಗಿ ಬೆಳೆದ ಕೊಂಬೆಗಳನ್ನು ತೆಗೆಯಿರಿ. ಗಿಡದ ನಡುವೆ ಗುಬ್ಬಿ ರೆಕ್ಕೆ ಬಡಿಯದೆ ಹಾರಿಹೋಗುವಷ್ಟು ಬಯಲಿರಬೇಕೆಂದು ನಾವು ಮಕ್ಕಳಿಗೆ ಹೇಳುವುದುಂಟು. ಮೋಟು ಮೋಟಾದ, ಸುಕ್ಕುಗಟ್ಟಿದ ಗಿಡ್ಡ ರೆಂಬೆಗಳನ್ನು ಮಾತ್ರ ಮುಟ್ಟಬೇಡಿ. ಹೂ ಬರುವುದು ಅಲ್ಲಿಯೇ.

ಚಳಿ ಸಾಲದ ಕಡೆ ಇನ್ನೊಂದು ಉಪಾಯವುಂಟು. ಇಂಡೊನೇಷಿಯಾದ ಜಾವಾ ದ್ವೀಪದ ಬಾಟು ಎಂಬ ಬೆಟ್ಟದ ಊರಿನಲ್ಲಿ ಅದೇ ರೋಮ್ ಬ್ಯೂಟಿ ಸೇಬನ್ನು ಬೆಳೆಯುತ್ತಾರೆ. ಅಲ್ಲಿ ಮಾಗಿಯೇ ಇಲ್ಲ. ಕೊಯ್ಲಾದ ಮೇಲೆ ಎಲೆಗಳನ್ನು ಕೈಯಿಂದಲೇ ಬಿಡಿಸಿಹಾಕಿ ಗಿಡವನ್ನು ಎಬ್ಬಿಸುತ್ತಾರೆ. ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ನಮ್ಮಲ್ಲಿಯೂ ಜನವರಿ ಬಂದರೂ ಹಳೆಯ ಎಲೆ ಅಂಟಿಕೊಂಡಿದ್ದರೆ ಮೊಗ್ಗಿಗೆ ನೋವಾಗದಂತೆ ಅವನ್ನು ಬಿಡಿಸಿದರೆ ಚಿಗುರು ಒಟ್ಟಾಗಿ ಬರುತ್ತದೆ.

ಗೊಬ್ಬರವನ್ನು ಗಿಡದ ವಯಸ್ಸಿಗೆ ತಕ್ಕಂತೆ ಕೊಡಿ: ವರ್ಷ ಒಂದಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ. ಮೂರು ವರ್ಷದ ಗಿಡಕ್ಕೆ 30 ಕಿಲೋ. ಕೋಸಿಗೆ ಹಾಕಿದ ಯೂರಿಯಾ ಉಳಿಯಿತೆಂದು ಸೇಬಿಗೆ ಸುರಿಯಬೇಡಿ. ಹೆಚ್ಚು ಯೂರಿಯಾ ತಿಂದ ಗಿಡದ ಚಿಗುರು ಮೃದುವಾಗಿ ಬೂದಿ ರೋಗಕ್ಕೂ ಹೇನಿಗೂ ಹಬ್ಬದೂಟವಾಗುತ್ತದೆ.

ಕಾಯಿ ಕಚ್ಚಿದ ಮೇಲೆ ಮನಸ್ಸು ಗಟ್ಟಿಮಾಡಿ ಗೊಂಚಲಿಗೆ ಒಂದೇ ಕಾಯಿ ಉಳಿಸಿ, ಕಾಯಿಯಿಂದ ಕಾಯಿಗೆ ಅರ್ಧ ಅಡಿ ಅಂತರವಿಡಿ. ಮನೆಯ ಹೆಂಗಸರಿಗೆ ಇದನ್ನು ಕಂಡರೆ ಸಂಕಟ. ಆದರೆ ಉಳಿದ ಕಾಯಿ ದಪ್ಪವಾಗುತ್ತದೆ, ಕೊಂಬೆ ಮುರಿಯದು, ಮುಂದಿನ ವರ್ಷವೂ ಹೂ ಬರುತ್ತದೆ.

ತಡೆಯುವ ತಳಿ ತಡೆಯದ ಪೀಡೆಗಳು

ಕಜ್ಜಿ ಬಾರದ ಗಿಡಕ್ಕೆ ಬೇರೆ ಏನೂ ಬಾರದೆಂದಲ್ಲ.

ಬೂದಿ ರೋಗ: ಚಿಗುರಿನ ತುದಿ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕಂಡೊಡನೆ ಆ ತುದಿಯನ್ನು ಕತ್ತರಿಸಿ ಸುಡಿ. ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಸುಡುಬಿಸಿಲಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಮಸಿ ಮಚ್ಚೆ: ಮಳೆಗಾಲದಲ್ಲಿ ಮಾಗುವ ಹಣ್ಣಿನ ಸಿಪ್ಪೆಯ ಮೇಲೆ ಮಸಿ ಬಳಿದಂತೆ, ನೊಣದ ಚುಕ್ಕೆಯಂತೆ ಕಾಣುತ್ತದೆ. ಇದು ಸಿಪ್ಪೆಯನ್ನು ದಾಟಿ ಒಳಗಿಳಿಯದು. ಒರೆಸಿ ತಿನ್ನಿ, ಔಷಧ ಬೇಡ.

ಉಣ್ಣೆ ಹೇನು: ಬೇರನ್ನು ಬೇರುಗಿಡ ಕಾಯುತ್ತದೆ; ಕೊಂಬೆಯನ್ನು ನಾವು ಕಾಯಬೇಕು. ಗಟ್ಟಿ ಬ್ರಷ್ಷಿನಿಂದ ಸೋಪಿನ ನೀರಲ್ಲಿ ಉಜ್ಜಿ. ಹತ್ತಿಯಿಲ್ಲದೆ ಕಪ್ಪಾಗಿ, ಬೆನ್ನಿಗೆ ತೂತಾಗಿ ಕೂತ ಹೇನುಗಳು ಕಂಡರೆ ಸಂತೋಷಪಡಿ. ಅದು ಅಫೆಲಿನಸ್ ಎಂಬ ಸಣ್ಣ ಕಣಜದ ಕೆಲಸ. ಉತ್ತರ ಅಮೆರಿಕದ ಆ ಕೀಟವನ್ನು ಈ ಹೇನಿನ ನಾಶಕ್ಕಾಗಿಯೇ ಹಿಂದೆ ನಮ್ಮ ನೀಲಗಿರಿಗೂ ತಂದು ಬಿಟ್ಟಿದ್ದರು. ಅದು ದುಡಿಯುತ್ತಿರುವಾಗ ಕೀಟನಾಶಕ ಹೊಡೆದರೆ ಕೂಲಿಯಿಲ್ಲದ ಆಳನ್ನು ಕೊಂದಂತೆ.

ಬುಡಕೊಳೆ: ನೀರು ಬಸಿಯುವ ಕಾಲುವೆ, ಮೇಲಿರುವ ಕಸಿಗಂಟು — ಇವೆರಡೇ ಇದಕ್ಕೆ ಮದ್ದು.

ವರ್ಷಕ್ಕೊಮ್ಮೆಯ ಕೆಲಸ

ಎಲೆ ಉದುರುವ ಕಾಲ: ಉದುರುವುದಕ್ಕೆ ಸ್ವಲ್ಪ ಮುಂಚೆ 10 ಲೀಟರ್ ನೀರಿಗೆ ಅರ್ಧ ಕಿಲೋ ಯೂರಿಯಾ ಕರಗಿಸಿ ಎಲೆಗೆ ಸಿಂಪಡಿಸಿದರೆ, ಎಲೆ ನೆಲದಲ್ಲಿ ಬೇಗ ಕೊಳೆತು ಕಜ್ಜಿಯ ನೆಲೆ ಹಾಳಾಗುತ್ತದೆ. ಇದು ಹಿಮಾಲಯದ ತೋಟಗಳಲ್ಲಿ ಹೇಳುವ ಕ್ರಮ. ಬಿದ್ದ ಎಲೆಯನ್ನು ಗುಡಿಸಿ ಗೊಬ್ಬರದ ಗುಂಡಿಯ ತಳಕ್ಕೆ ಹಾಕಿ ಮೇಲೆ ಸಗಣಿ ಮಣ್ಣು ಮುಚ್ಚಿದರೂ ಸಾಕು.

ಜನವರಿ: ಕೊಂಬೆ ಕತ್ತರಿಸಿದ ಮೇಲೆ, ಮೊಗ್ಗು ಒಡೆಯುವ ಮುಂಚೆ, ಒಂದೇ ಒಂದು ಸಲ ಶೇಕಡ 1ರ ಬೋರ್ಡೋ ದ್ರಾವಣ. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನು 5 ಲೀಟರಿನಲ್ಲಿ ಬೇರೆಬೇರೆ ಕರಗಿಸಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಿರಲಿ, ಲೋಹ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿ. ಹೊಳಪಿನ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅಂದೇ ಬಳಸಿ. ಹೂ ಬಂದ ಮೇಲೆ ಇದನ್ನು ಹೊಡೆಯಬಾರದು. ಕಾಯಿಯ ಸಿಪ್ಪೆ ಒರಟಾಗುತ್ತದೆ.

ಹೂವಿನ ಕಾಲ: ಯಾವ ಔಷಧವೂ ಬೇಡ. ಜೇನು ಬರಲಿ.

ಮೂರನೆಯ ನಾಲ್ಕನೆಯ ವರ್ಷಕ್ಕೆ ಮೊದಲ ಕಾಯಿ ನೋಡಬಹುದು. ಮೊದಲ ವರ್ಷದ ಹೂವನ್ನು ಚಿವುಟಿ ಗಿಡಕ್ಕೆ ಮೈ ಕೊಡಿ.

ಕೊಳ್ಳುವ ಮುನ್ನ

ಇನ್ನು ನಮ್ಮ ಹಿರಿಯರ ಮಾತಿಗೆ ಬರೋಣ. ಅವರ ಮೂರು ಸಸಿಗಳನ್ನು ನಾವು ಕೂಡಿಯೇ ನೆಟ್ಟೆವು. ಕಸಿಗಂಟು ನೆಲದ ಮೇಲಿದೆ, ಸುತ್ತ ಬಸಿಗಾಲುವೆ ಇದೆ. ಅವು ಯಾವ ತಳಿಯೆಂದು ಹೂ ಬಂದ ದಿನ ತಿಳಿದೀತು. ಹೂ ಬಾರದಿದ್ದರೆ ಆ ಬೇರುಗಳ ಮೇಲೆ ಅನ್ನಾ ಕಡ್ಡಿಯ ಕಸಿ ಕಟ್ಟಿಕೊಡುವುದಾಗಿ ಮಾತು ಕೊಟ್ಟಿದ್ದೇವೆ. ಗಿಡವನ್ನು ಕಡಿದು ಒಲೆಗೆ ಹಾಕುವ ನಮ್ಮ ಹಳೆಯ ತಪ್ಪು ಅವರಿಗೆ ಬೇಡ.

ಬಂಧುಗಳು ಸಸಿ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಲಿ: ಇದು ತಡೆಯುವುದು ಯಾವ ರೋಗವನ್ನು? ಇದಕ್ಕೆ ಎಷ್ಟು ಗಂಟೆ ಚಳಿ ಬೇಕು? ಕೆಳಗಿನ ಬೇರು ಯಾವುದು? ಇದರ ಜೊತೆಗೆ ಯಾವ ತಳಿ ಹಾಕಬೇಕು? ನಾಲ್ಕಕ್ಕೂ ಉತ್ತರ ಹೇಳಬಲ್ಲವನ ಬಳಿ ಕೊಳ್ಳಿ. ಉತ್ತರ ಸಿಗದಿದ್ದರೆ ಕೂನೂರಿನ ಸರ್ಕಾರಿ ಹಣ್ಣಿನ ಕೇಂದ್ರದಲ್ಲೋ ಉದಕಮಂಡಲದ ತೋಟಗಾರಿಕೆ ಸಂಶೋಧನ ಕೇಂದ್ರದಲ್ಲೋ ವಿಚಾರಿಸಿ ಬನ್ನಿ. ಒಂದು ದಿನದ ಬಸ್ಸಿನ ಖರ್ಚು ಆರು ವರ್ಷವನ್ನು ಉಳಿಸೀತು.